ಕಾಸಿದ್ದವರಿಗಷ್ಟೇ ಕಾಲ್ಚೆಂಡೇ?



ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಹರೈನ್ ಬಿಸಿಲಿನಲ್ಲಿ ನೀರು ಕುಡಿಯಬೇಕಾದ ಪ್ರಮಾಣ, ಇವುಗಳ ಬಗ್ಗೆಯೇ ಈ ಪುಟಗಳಲ್ಲಿ ಬರೆದು ಬರೆದು ನಿಮಗೆ ಬೇಸರ ಬರಿಸಿದ್ದೇವೆ. ಈ ಸಲ ಫುಟ್‌ಬಾಲಿನ ವಿಷಯಕ್ಕೆ ಕೈ ಹಾಕಿದ್ದೇವೆ. ಸಂಪಾದಕರು ಮನ್ನಿಸಬೇಕು. ಆದರೂ ಇದು ನಮ್ಮ ವೃತ್ತಿಗೆ ತೀರ ಹೊರಗಿನ ಮಾತೇನಲ್ಲ. 2026ರ ವಿಶ್ವಕಪ್ ಟಿಕೆಟ್‌ಗಳ ದರಪಟ್ಟಿ ಓದಿದ ದಿನ ನಮ್ಮ ಸ್ವಂತ ರಕ್ತದೊತ್ತಡವನ್ನೇ ಅಳೆದುಕೊಳ್ಳಬೇಕಾಗಿ ಬಂತು.

ಮೊದಲು ಲೆಕ್ಕ ನೋಡಿ. ಅಮೆರಿಕ, ಕೆನಡಾ, ಮೆಕ್ಸಿಕೋ ಮೂರೂ ದೇಶಗಳು ಸೇರಿ 2018ರಲ್ಲಿ ಈ ಪಂದ್ಯಾವಳಿಯನ್ನು ತಮಗೆ ಕೊಡಿ ಎಂದು ಬೇಡಿಕೊಂಡಾಗ, ಅತಿ ಅಗ್ಗದ ಟಿಕೆಟ್ 21 ಡಾಲರ್, ಅಂತಿಮ ಪಂದ್ಯದ ಅತಿ ದುಬಾರಿ ಟಿಕೆಟ್ 1,550 ಡಾಲರ್ ಎಂದು ಬರೆದುಕೊಟ್ಟಿದ್ದವು. ನಮ್ಮ ದಿನಾರಿನಲ್ಲಿ ಸುಮಾರು 8 ಮತ್ತು 583. 2025ರ ಸೆಪ್ಟೆಂಬರಿನಲ್ಲಿ ಮಾರಾಟ ಶುರುವಾದಾಗ ದರ 60 ಡಾಲರಿನಿಂದ 6,730 ಡಾಲರಿನವರೆಗೆ ಎಂದಾಯಿತು. ಡಿಸೆಂಬರಿನಲ್ಲಿ ಆಯಾ ದೇಶಗಳ ನಿಷ್ಠಾವಂತ ಅಭಿಮಾನಿಗಳಿಗೆಂದೇ ಮೀಸಲಾದ ಟಿಕೆಟ್‌ಗಳ ದರ ಹೊರಬಿತ್ತು. ಅದರಲ್ಲಿ ಅಂತಿಮ ಪಂದ್ಯಕ್ಕೆ ಅತಿ ಕಡಿಮೆ ಎಂದರೆ 4,185 ಡಾಲರ್! ಅಂದರೆ 1,573 ದಿನಾರ್. ತಿಂಗಳಿಗೆ 120 ದಿನಾರ್ ಎಣಿಸುವ ನಮ್ಮ ಊರಿನ ಬಡಗಿಯೊಬ್ಬನ ಹದಿಮೂರು ತಿಂಗಳ ಸಂಬಳ. ಅದೂ ಊಟ ಮಾಡದೆ, ಮನೆಗೆ ಒಂದು ಫಿಲ್ಸ್ ಕಳಿಸದೆ ಕೂಡಿಟ್ಟರೆ.

ಸಾಲದ್ದಕ್ಕೆ, ಬೇಡಿಕೆ ಏರಿದಂತೆ ದರವೂ ಏರುವ ಪದ್ಧತಿಯನ್ನು ತಂದರು. ನಾವು ವೈದ್ಯರು ಹಾಗೆ ಮಾಡಿದರೆ ಹೇಗಿರುತ್ತದೆ, ಯೋಚಿಸಿ. ಜ್ವರ ನೂರು ಇದ್ದಾಗ ಮಾತ್ರೆಗೆ ಒಂದು ಬೆಲೆ, ನೂರಮೂರಕ್ಕೆ ಏರಿದಾಗ ಅದೇ ಮಾತ್ರೆಗೆ ಮೂರು ಪಟ್ಟು ಬೆಲೆ. ನಿಮ್ಮಲ್ಲಿ ಯಾರಾದರೂ ನಮ್ಮ ಕ್ಲಿನಿಕ್ಕಿನ ಗಾಜು ಒಡೆಯದೆ ಬಿಡುತ್ತೀರಾ? ಇನ್ನು, ಕೊಂಡ ಟಿಕೆಟ್ ಬೇಡವಾಗಿ ಫಿಫಾದ ಮೂಲಕವೇ ಮರುಮಾರಾಟ ಮಾಡಿದರೆ, ಮಾರುವವನಿಂದ ನೂರಕ್ಕೆ 15, ಕೊಳ್ಳುವವನಿಂದ ನೂರಕ್ಕೆ 15 ಕಮಿಷನ್. ನಮ್ಮೂರ ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗೂ ಇಷ್ಟು ಧೈರ್ಯ ಇರಲಿಲ್ಲ. ದನ ಅವನದಲ್ಲ ಎಂಬುದಾದರೂ ಅವನಿಗೆ ನೆನಪಿರುತ್ತಿತ್ತು.

ನಮ್ಮ ಸಂಘದ ಒಂದು ಕುಟುಂಬ, ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಎರಡು ವರ್ಷದಿಂದ ಇದಕ್ಕೆಂದೇ ಹಣ ಕೂಡಿಡುತ್ತಿತ್ತು. ನ್ಯೂಜೆರ್ಸಿಯಲ್ಲಿ ಚಿಕ್ಕಪ್ಪನ ಮನೆ ಇದೆ, ವಸತಿಯ ಖರ್ಚಿಲ್ಲ. ಒಂದು ರಾತ್ರಿ ನಮ್ಮ ಮನೆಯಲ್ಲಿ ಊಟವಾದ ಮೇಲೆ ಎಲ್ಲರೂ ಸೇರಿ ಕಾಗದ ಪೆನ್ನು ಹಿಡಿದು ಕುಳಿತೆವು. ವೀಸಾ ಅರ್ಜಿಗೇ ತಲೆಗೆ 185 ಡಾಲರಿನಂತೆ ನಾಲ್ವರಿಗೆ 278 ದಿನಾರ್. ವೀಸಾ ಸಿಗದಿದ್ದರೆ ಆ ಹಣ ವಾಪಸಿಲ್ಲ. ಆಮೇಲೆ ವಿಮಾನ. ಆಮೇಲೆ ಟಿಕೆಟ್. ಕಾಗದದ ಕೆಳತುದಿ ಮುಟ್ಟುವ ಮೊದಲೇ ದೊಡ್ಡ ಮಗ, ಹದಿನಾಲ್ಕರ ಹುಡುಗ, "ಬೇಡ ಬಿಡಿ ಅಪ್ಪ, ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ" ಎಂದ. ತಂದೆ ಸುಮ್ಮನೆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ತಾಯಿ ಎದ್ದು ಪಾತ್ರೆ ತೊಳೆಯಲು ಹೋದರು, ನಮ್ಮ ಮನೆಯವರು ಬೇಡವೆಂದರೂ ಕೇಳಲಿಲ್ಲ.

ಇಂಥ ಮನೆಗಳು ಒಂದಲ್ಲ ಎರಡಲ್ಲ. ಯೂರೋಪಿನ ಅಭಿಮಾನಿಗಳ ಒಕ್ಕೂಟವೇ 2025ರ ಡಿಸೆಂಬರಿನಲ್ಲಿ ಇದನ್ನು ಮಹಾದ್ರೋಹ ಎಂದು ಕರೆದು ಮಾರಾಟ ನಿಲ್ಲಿಸಿ ಎಂದಿತು. ಗಲಾಟೆ ಜೋರಾದ ಮೇಲೆ ಕೆಲವೇ ದಿನಗಳಲ್ಲಿ ಫಿಫಾ 104 ಪಂದ್ಯಗಳಿಗೂ 60 ಡಾಲರಿನ ಟಿಕೆಟ್ ಇಡುತ್ತೇವೆಂದು ಪ್ರಕಟಿಸಿತು. ಎಷ್ಟು? ಅಭಿಮಾನಿಗಳ ಪಾಲಿನಲ್ಲಿ ಹತ್ತರಲ್ಲೊಂದು ಭಾಗ. ಮದುವೆ ಮನೆಯಲ್ಲಿ ಹೊರಗಿನ ಪಂಕ್ತಿಗೆ ಪಾಯಸದ ಪಾತ್ರೆ ತೋರಿಸಿ ಒಳಗೆ ಕೊಂಡುಹೋದ ಹಾಗೆ.

ಇದಕ್ಕೆ ಎದುರು ವಾದ ಇಲ್ಲವೆಂದಲ್ಲ. ನಮ್ಮ ಸಂಘದಲ್ಲೇ ಬ್ಯಾಂಕಿನಲ್ಲಿರುವ ಮಿತ್ರರೊಬ್ಬರು, "ಡಾಕ್ಟ್ರೇ, ಹದಿನೈದು ದಿನದಲ್ಲಿ ಹದಿನೈದು ಕೋಟಿ ಅರ್ಜಿ ಬಂದಿದೆ, ಕೊಳ್ಳುವವರು ಇದ್ದಾರೆ, ಮಾರುತ್ತಾರೆ, ಇದರಲ್ಲಿ ಅನ್ಯಾಯ ಏನು?" ಎಂದು ಕೇಳಿದರು. ಫಿಫಾದ ಅಧ್ಯಕ್ಷರಾಗಿದ್ದ ಇನ್ಫಾಂಟಿನೋ ಅವರು ದುಬೈಯಲ್ಲಿ ಹೇಳಿದ್ದೂ ಇದನ್ನೇ. ಅರ್ಜಿ ಬೇರೆ, ಹಣ ಕೊಟ್ಟು ಕೂರುವುದು ಬೇರೆ. 2025ರ ಬೇಸಿಗೆಯಲ್ಲಿ ಅದೇ ಅಮೆರಿಕದಲ್ಲಿ ಅದೇ ಫಿಫಾ ಕ್ಲಬ್‌ಗಳ ವಿಶ್ವಕಪ್ ನಡೆಸಿತಲ್ಲ, ಅದನ್ನು ನೋಡಿ. ಅಟ್ಲಾಂಟಾದಲ್ಲಿ ಚೆಲ್ಸಿ ಆಡಿದ ಮೊದಲ ಪಂದ್ಯಕ್ಕೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣದಲ್ಲಿ ಬಂದವರು 22,137. ಒರ್ಲಾಂಡೋದಲ್ಲಿ ಕೊರಿಯದ ಉಲ್ಸಾನ್ ಮತ್ತು ದಕ್ಷಿಣ ಆಫ್ರಿಕಾದ ಸನ್‌ಡೌನ್ಸ್ ಪಂದ್ಯಕ್ಕೆ 3,412. ಮಂಗಳೂರಿನ ನೆಹರೂ ಮೈದಾನದಲ್ಲಿ ಶಾಲಾ ಹುಡುಗರ ಪಂದ್ಯಕ್ಕೂ ಅಷ್ಟು ಜನ ಮಳೆಯಲ್ಲಿ ಕೊಡೆ ಹಿಡಿದು ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೊನೆಗೆ ಚೆಲ್ಸಿ–ಫ್ಲುಮಿನೆನ್ಸ್ ಸೆಮಿಫೈನಲ್ ಟಿಕೆಟ್ಟಿನ ದರವನ್ನು 473 ಡಾಲರ್ 90 ಸೆಂಟಿನಿಂದ 13 ಡಾಲರ್ 40 ಸೆಂಟಿಗೆ ಇಳಿಸಿದರು. ಕಾಗದದ ದಿನಾರಿನಲ್ಲಿ 178ರಿಂದ 5ಕ್ಕೆ. ಆ ದಿನ ಎಪ್ಪತ್ತು ಸಾವಿರ ಜನ ಬಂದರು. ಜನರಿಗೆ ಆಟ ಬೇಡವಾಗಿರಲಿಲ್ಲ, ಸುಲಿಗೆ ಬೇಡವಾಗಿತ್ತು. ಮೊದಲೇ ಪೂರ್ತಿ ಹಣ ಕೊಟ್ಟು ಕೊಂಡಿದ್ದ ಪ್ರಾಮಾಣಿಕನ ಸ್ಥಿತಿ ಏನಾಗಿರಬೇಡ!

ಎಲ್ಲ ಖರ್ಚಿಗಾಗಿ ಎನ್ನುತ್ತಾರೆ. 2023ರಿಂದ 2026ರ ನಾಲ್ಕು ವರ್ಷಕ್ಕೆ ಫಿಫಾ ಮೊದಲು ಅಂದಾಜಿಸಿದ ಆದಾಯ 1,100 ಕೋಟಿ ಡಾಲರ್, ಅದನ್ನು ಆಮೇಲೆ 1,300 ಕೋಟಿಗೆ ಏರಿಸಿಕೊಂಡಿತು. ಇದು ಲಾಭಕ್ಕಾಗಿ ಅಲ್ಲದ ಸಂಸ್ಥೆಯಂತೆ. ದುಡ್ಡೇ ದೊಡ್ಡಪ್ಪ ಎಂದು ನಮ್ಮ ಹಿರಿಯರು ಅಂದದ್ದು ಸಂಕಟದಿಂದ, ಇವರು ಅದನ್ನೇ ಧ್ಯೇಯವಾಕ್ಯ ಮಾಡಿಕೊಂಡಿದ್ದಾರೆ.

ಕೊಲ್ಲಿಯಲ್ಲಿರುವ ನಮಗೆ ಹೋಲಿಸಿ ನೋಡಲು ಪಕ್ಕದ ಉದಾಹರಣೆಯೇ ಇದೆ. 2022ರಲ್ಲಿ ಕತಾರ್‌ನಲ್ಲಿ ಹೊರಗಿನವರಿಗೆ ಅತಿ ಕಡಿಮೆ ದರ 250 ರಿಯಾಲ್, ಸುಮಾರು 26 ದಿನಾರ್. ಅಲ್ಲಿಯೇ ವಾಸವಿರುವವರಿಗೆ 40 ರಿಯಾಲ್, ಅಂದರೆ 4 ದಿನಾರಿಗೆ ತುಸು ಮೇಲೆ. ಆ ಕ್ರೀಡಾಂಗಣಗಳನ್ನು ಕಟ್ಟಿದ ಕೂಲಿಕಾರರು ಪಟ್ಟ ಪಾಡಿನ ಬಗ್ಗೆ ಬಂದ ಟೀಕೆಗಳನ್ನು ನಾವು ಮರೆತಿಲ್ಲ. ಅದು ಬೇರೆಯೇ ಲೇಖನ. ಆದರೆ ಆ 40 ರಿಯಾಲಿನ ಕಾರಣದಿಂದ ದೋಹಾದಲ್ಲಿ ಚಾಲಕನಾಗಿರುವ ನಮ್ಮ ದೂರದ ಸಂಬಂಧಿಯೊಬ್ಬ ಎರಡು ವಿಶ್ವಕಪ್ ಪಂದ್ಯ ನೋಡಿದ. ಇಲ್ಲಿಂದ ಹೋದ ನಮ್ಮ ಸ್ನೇಹಿತರು, ಆಗ ಬಹರೈನ್–ದೋಹಾ ನೇರ ವಿಮಾನ ಇಲ್ಲದ್ದರಿಂದ (ಅದು ಮತ್ತೆ ಶುರುವಾದದ್ದು 2023ರ ಮೇ ತಿಂಗಳಲ್ಲಿ), ಕಾಸ್‌ವೇ ದಾಟಿ ಸೌದಿಯ ಮೂಲಕ ಸುತ್ತಿಕೊಂಡು ಹೋದರು. ಆದರೂ ಗೊಣಗಲಿಲ್ಲ, ಬಂದು ಒಂದು ತಿಂಗಳು ಅದೇ ಮಾತಾಡಿದರು.

ಈ ದ್ವೀಪದ ಜನರಿಗೆ ಫುಟ್‌ಬಾಲ್ ಏನೆಂದು ಯಾರೂ ಕಲಿಸಬೇಕಾಗಿಲ್ಲ. ಮೊದಲ ಗಲ್ಫ್ ಕಪ್ ನಡೆದದ್ದೇ ಇಲ್ಲಿ, 1970ರಲ್ಲಿ. ಅದನ್ನು ಗೆಲ್ಲಲು ಬಹರೈನ್ 2019ರ ತನಕ ಕಾಯಬೇಕಾಯಿತು. 2025ರ ಜನವರಿಯಲ್ಲಿ ಕುವೈತ್‌ನಲ್ಲಿ ಒಮಾನ್ ವಿರುದ್ಧ ಎರಡನೇ ಸಲ ಗೆದ್ದಾಗ ರಸ್ತೆಯಲ್ಲಿ ಕಾರುಗಳ ಹಾರ್ನ್ ಕೇಳಿ ನಮ್ಮ ವಾರ್ಡಿನ ರೋಗಿಗಳೂ ಎದ್ದು ಕುಳಿತಿದ್ದರು. ವಿಶ್ವಕಪ್ಪಿನ ಬಾಗಿಲಿಗೆ ಎರಡು ಸಲ ಬಂದು ತಲೆ ತಗ್ಗಿಸಿ ಹಿಂತಿರುಗಿದ ದೇಶ ಇದು: 2005ರಲ್ಲಿ ಟ್ರಿನಿಡಾಡ್ ಎದುರು, 2009ರಲ್ಲಿ ನ್ಯೂಜಿಲೆಂಡ್ ಎದುರು. 2005ರ ಆ ನವೆಂಬರ್ ರಾತ್ರಿ ನಮ್ಮ ಆಸ್ಪತ್ರೆಯ ಕಾಂಪೌಂಡರ್ ಜೊತೆ ರಿಫಾದ ಕ್ರೀಡಾಂಗಣದಲ್ಲಿ ನಾವೂ ಇದ್ದೆವು. ಟಿಕೆಟ್ಟಿನ ಬೆಲೆ ನೆನಪಿಲ್ಲ, ನೆನಪಿಡುವಷ್ಟು ದೊಡ್ಡದಾಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಪಕ್ಕದಲ್ಲಿದ್ದ ಮುದುಕರೊಬ್ಬರು ನಮ್ಮ ಹೆಗಲ ಮೇಲೆ ಕೈ ಇಟ್ಟು ಅತ್ತದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬರುವುದಿಲ್ಲ ಎಂದು ಮುಖ ತಿರುಗಿಸಿದರೆ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಒಂದು ಕಥೆ ಹೇಳಬೇಕು. ನಾವು ರೆಸಿಡೆನ್ಸಿ ಮಾಡಿದ್ದು ಲಿವರ್‌ಪೂಲಿನಿಂದ ಹೆಚ್ಚು ದೂರವಿಲ್ಲದ ಊರಿನಲ್ಲಿ. ಅಲ್ಲಿ ವಾರ್ಡಿನಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವರೊಬ್ಬರು ಮನೆಯ ಬಾಡಿಗೆ ತಡವಾದರೂ ಪಂದ್ಯ ತಪ್ಪಿಸುತ್ತಿರಲಿಲ್ಲ. 2016ರ ಫೆಬ್ರವರಿ 6ರಂದು ಲಿವರ್‌ಪೂಲ್ ತಂಡದ ಮಾಲೀಕರು ಹೊಸ ಗ್ಯಾಲರಿಗೆ 77 ಪೌಂಡ್ ದರ ಇಡುವುದಾಗಿ ಹೇಳಿದ್ದಕ್ಕೆ, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷದಲ್ಲಿ ಸುಮಾರು ಹತ್ತು ಸಾವಿರ ಜನ ಎದ್ದು ಹೊರಟುಹೋದರು. ತಮ್ಮ ತಂಡ 2–0 ಮುಂದಿತ್ತು ಎಂಬುದನ್ನು ಗಮನಿಸಿ. ಸೋಲುವಾಗ ಯಾರೂ ಎದ್ದು ಹೋಗಬಲ್ಲರು. ಪಂದ್ಯ 2–2ರಲ್ಲಿ ಮುಗಿಯಿತು. ನಾಲ್ಕೇ ದಿನಕ್ಕೆ ಮಾಲೀಕರು ಕ್ಷಮೆ ಕೇಳಿ ದರ ಹಿಂತೆಗೆದುಕೊಂಡರು. ಅದೇ ವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಪರಊರಿನಿಂದ ಬರುವ ಅಭಿಮಾನಿಗಳ ಟಿಕೆಟ್ 30 ಪೌಂಡ್ ಮೀರಬಾರದೆಂಬ ನಿಯಮವೂ ಬಂತು.

ನಮ್ಮ ಜನ ಹೀಗೆ ಶಾಂತವಾಗಿ ಎದ್ದು ಹೋಗುವುದನ್ನು ಇನ್ನೂ ಕಲಿತಿಲ್ಲ. 2025ರ ಡಿಸೆಂಬರ್ 13ರಂದು ಕೊಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಮೆಸ್ಸಿ ಬಂದಾಗ ಸಾವಿರಾರು ರೂಪಾಯಿ ಕೊಟ್ಟು ಬಂದಿದ್ದವರಿಗೆ ಕಂಡದ್ದು ಅವರ ಸುತ್ತ ಮುತ್ತಿಕೊಂಡಿದ್ದ ಗಣ್ಯರ ಬೆನ್ನುಗಳು. ಆತ ಕೆಲವೇ ನಿಮಿಷದಲ್ಲಿ ಹೊರಟುಹೋದ ಮೇಲೆ ಕುರ್ಚಿ, ಬಾಟಲಿಗಳು ಹಾರಿದವು. ಕುರ್ಚಿ ಮುರಿದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಬೆನ್ನುಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದೇ ಬೆನ್ನುಗಳು ಈಗ ನಮ್ಮ ಸಂಘದ ಮೈದಾನಕ್ಕೂ ಬರುವ ಸೂಚನೆ ಕಾಣುತ್ತಿದೆ.

ಹೌದು, ಫಿಫಾವನ್ನು ಬೈಯುವುದು ಸುಲಭ. ನಮ್ಮ ವಾರ್ಷಿಕ ಏಳು ಜನರ ಫುಟ್‌ಬಾಲ್ ಪಂದ್ಯಾವಳಿಗೆ ಕ್ರೀಡಾ ಉಪಸಮಿತಿ ಸಿದ್ಧಪಡಿಸಿದ ಕರಡನ್ನು ನೋಡಿದಿರಾ? ತಂಡದ ಪ್ರವೇಶ ಶುಲ್ಕ 20 ದಿನಾರಿನಿಂದ 60. ಇದುವರೆಗೆ ಉಚಿತವಾಗಿದ್ದ ಪ್ರೇಕ್ಷಕರಿಗೆ ತಲೆಗೆ 2 ದಿನಾರ್. ಮುಂದಿನ ಸಾಲಿನಲ್ಲಿ ಸೋಫಾ, 25 ದಿನಾರ್, ಪ್ರಾಯೋಜಕರಿಗೆ ಮತ್ತು ಅತಿಥಿಗಳಿಗೆ. ಮರಳಿನ ಮೈದಾನದ ಬದಲು ಬಾಡಿಗೆಯ ಹುಲ್ಲುಹಾಸು, ಆಟ ಶುಕ್ರವಾರದ ಬದಲು ಶನಿವಾರ. ಉಪಸಮಿತಿಯವರು ದುಡಿಯುವ ಜನ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಹುಲ್ಲಿನ ಮೇಲೆ ಬಿದ್ದರೆ ಮೊಣಕಾಲು ತರಚುವುದು ಕಡಿಮೆ ಎಂಬುದನ್ನು ವೈದ್ಯರಾಗಿ ಒಪ್ಪುತ್ತೇವೆ.

ಆದರೆ ಪ್ರತಿ ವರ್ಷ ಕಪ್ ಎತ್ತುವವರು ಯಾರು ಎಂದು ನೆನಪಿಸಿಕೊಳ್ಳಿ. ಸಲ್ಮಾಬಾದ್, ಸಿತ್ರಾದ ಕ್ಯಾಂಪ್‌ಗಳ ಹುಡುಗರು. ಕುಂದಾಪುರ, ಭಟ್ಕಳ, ಕಾಸರಗೋಡಿನ ಕಡೆಯವರು. ಅವರಿಗೆ ರಜೆ ಶುಕ್ರವಾರ ಮಾತ್ರ. ಮೈದಾನದ ಸುತ್ತ ನಿಂತು ಗಂಟಲು ಹರಿಯುವಂತೆ ಕೂಗುವವರೂ ಅವರ ಜೊತೆಗಾರರೇ. ನಾವು ಕುಟುಂಬಸ್ಥರು ಚಹಾ ಬಂದಾಗ ಚಪ್ಪಾಳೆ ತಟ್ಟುವವರು. ಕಳೆದ ವಾರ ಕೈಗೆ ಹೊಲಿಗೆ ಹಾಕಿಸಿಕೊಳ್ಳಲು ಬಂದಿದ್ದ ಅಂಥ ಒಬ್ಬ ಗೋಲಿ, ಬಡಗಿ ಕೆಲಸದವ, ಹೊಸ ದರ ಕೇಳಿ ನಕ್ಕ. "ಪರವಾಗಿಲ್ಲ ಡಾಕ್ಟ್ರೇ, ಈ ವರ್ಷ ನಾವು ಕ್ಯಾಂಪ್ ಹಿಂದೆ ಆಡ್ಕೊಳ್ತೇವೆ. ನಿಮ್ಮಲ್ಲಿ ದೊಡ್ಡವರು ಆಡ್ಲಿ" ಎಂದ. ಆ ಹುಡುಗನಿಗೆ ಸಿಟ್ಟೂ ಇರಲಿಲ್ಲ. ಅದೇ ನಮ್ಮನ್ನು ಹೆಚ್ಚು ಕಾಡಿದ್ದು. ಲಿವರ್‌ಪೂಲಿನವರು ಎದ್ದು ಹೋದದ್ದು ಎಲ್ಲರಿಗೂ ಕಂಡಿತು. ಇವರು ಬರದೇ ಇದ್ದರೆ ನಮಗೆ ಗೊತ್ತಾಗುವುದೂ ಇಲ್ಲ, ಸೋಫಾ ತುಂಬಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ನಮ್ಮಲ್ಲಿ ಅನೇಕರು ಆಟ ಕಂಡದ್ದು ಇತರರ ಔದಾರ್ಯದಿಂದ. 1986ರಲ್ಲಿ ಮರಡೋನ ಆಡಿದ್ದನ್ನು ನಾವು ನೋಡಿದ್ದು ಪಕ್ಕದ ಬೀದಿಯ ಮೇಷ್ಟ್ರ ಮನೆಯ ಕಪ್ಪುಬಿಳುಪು ಟಿವಿಯಲ್ಲಿ. ಮಧ್ಯರಾತ್ರಿ ಕಳೆದ ಮೇಲೂ ನಲವತ್ತು ಜನ ಜಗಲಿಯಲ್ಲಿ, ಕಿಟಕಿಯಲ್ಲಿ. ಮೇಷ್ಟ್ರ ಮನೆಯವರು ಯಾರನ್ನೂ ಏಳಿ ಎನ್ನಲಿಲ್ಲ, ಒಂದು ದೊಡ್ಡ ತಪ್ಪಲೆಯಲ್ಲಿ ಮಜ್ಜಿಗೆ ಇಟ್ಟಿದ್ದರು.

ಆದ್ದರಿಂದ ನಾವು ಬರಲಿರುವ ಮಹಾಸಭೆಗೆ ಒಂದು ಪ್ರಸ್ತಾವ ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇವೆ. ಪಂದ್ಯಾವಳಿ ಶುಕ್ರವಾರವೇ ನಡೆಯಲಿ. ಪ್ರೇಕ್ಷಕರಿಗೆ ಪ್ರವೇಶ ಉಚಿತವಾಗಿರಲಿ. ಕ್ಯಾಂಪ್‌ಗಳ ತಂಡಗಳಿಗೆ ಶುಲ್ಕ 10 ದಿನಾರ್ ಮೀರದಿರಲಿ. ಸೋಫಾ ಬೇಕಾದವರು ಮನೆಯಿಂದ ತರಲಿ, ಹಿಂದಿನ ಸಾಲಿನಲ್ಲಿ ಇಟ್ಟುಕೊಳ್ಳಲಿ. ಹಣದ ಕೊರತೆ ಎಷ್ಟಾಗುತ್ತದೆ ಎಂದು ಖಜಾಂಚಿಯವರ ಜೊತೆ ಕುಳಿತು ಲೆಕ್ಕ ಹಾಕಿದ್ದೇವೆ: 340 ದಿನಾರ್. ಇದರಲ್ಲಿ ಮೊದಲ 50 ನಮ್ಮದು. ಅಮೆರಿಕಕ್ಕೆ ಹೋಗದೆ ಉಳಿದ ಆ ಕುಟುಂಬದ ತಂದೆ, ಕೇಳುವ ಮೊದಲೇ, ತಮ್ಮದೂ ಐವತ್ತು ಎಂದರು. ಪ್ರಸ್ತಾವದ ಕೆಳಗೆ ಅನುಮೋದಕರ ಸಹಿಗೆ ಜಾಗ ಖಾಲಿ ಇದೆ. ಕಾಗದ ಸಂಘದ ಕಚೇರಿಯಲ್ಲಿ ಕಾರ್ಯದರ್ಶಿಯವರ ಮೇಜಿನ ಎಡಗಡೆಯ ಖಾನೆಯಲ್ಲಿದೆ.