ತಿದ್ದುಪಡಿ ತಪ್ಪಿದಾಗ

ಕಂಪ್ಯೂಟರಿನ ಉಳಿದೆಲ್ಲ ಕ್ರಮವಿಧಿಗಳನ್ನು ಆಳುವ ಮೂಲ ಕ್ರಮವಿಧಿಗೆ ಕರ್ನಲ್ ಎಂದು ಹೆಸರು. ಅದು ಸಾವಿರಾರು ಫಂಕ್ಷನ್‌ಗಳ, ಎಂದರೆ ಒಂದೊಂದು ಕಾರ್ಯಕ್ಕಾಗಿ ರಚಿಸಿದ ಆಜ್ಞಾಸಮೂಹಗಳ, ಕೂಟ. ಅವುಗಳಲ್ಲಿ ಯಾವುದು ಎಂದು ನಡೆಯಿತೆಂಬುದನ್ನು ತಿಳಿಯಲು ಲಿನಕ್ಸ್ ಕರ್ನಲಿನಲ್ಲಿ 2008ರಿಂದ ಎಫ್‌ಟ್ರೇಸ್ ಎಂಬ ಸಾಧನವಿದೆ. ಎಕ್ಸ್‌86 ಯಂತ್ರಗಳಲ್ಲಿ ಬಹುತೇಕ ಫಂಕ್ಷನ್‌ಗಳ ಆರಂಭದಲ್ಲಿ ಏನನ್ನೂ ಮಾಡದ 5 ಬೈಟುಗಳ ಆಜ್ಞೆಯೊಂದನ್ನು ಇರಿಸಿರುತ್ತಾರೆ. ಜಾಡು ಹಿಡಿಯಬೇಕಾದಾಗ ಅದೇ ಸ್ಥಳದಲ್ಲಿ ಎಫ್‌ಟ್ರೇಸನ್ನು ಕರೆಯುವ ಆಜ್ಞೆಯನ್ನು ಬರೆಯಲಾಗುತ್ತದೆ. ಯಂತ್ರವು ನಡೆಯುತ್ತಿರುವಾಗಲೇ ಇದೆಲ್ಲ ಆಗಬೇಕು. ಓಡುವ ಬಂಡಿಯ ಕೀಲನ್ನು ಬದಲಿಸುವಂಥ ಕಾರ್ಯವಿದು!

ಈ ತಿದ್ದುಪಡಿ ನಡುವೆಯೇ ವಿಫಲವಾದರೆ ಗತಿಯೇನು? ಯಾವ ಸ್ಥಳ ಬದಲಾಗಿದೆ, ಯಾವುದು ಇಲ್ಲವೆಂಬ ಲೆಕ್ಕವನ್ನು ಎಫ್‌ಟ್ರೇಸ್ ಇಟ್ಟಿರುತ್ತದೆ. ಪಹಣಿಯಲ್ಲಿ ಹೊಲ ಒಬ್ಬನದಾಗಿದ್ದು, ಉಳುವವನು ಮತ್ತೊಬ್ಬನಾದರೆ ಒದಗುವ ತೊಡಕನ್ನು ಓದುಗರು ಬಲ್ಲರು. ಲೆಕ್ಕವೂ ವಸ್ತುಸ್ಥಿತಿಯೂ ಬೇರೆಯಾದಾಗ ಇಲ್ಲಿಯೂ ಅಂಥದೇ ಅನರ್ಥ.

ಇದು ಬರಿಯ ಊಹೆಯಲ್ಲ. 2008ರಲ್ಲಿ ಲಿನಕ್ಸ್ 2.6.27 ಸಿದ್ಧವಾಗುತ್ತಿದ್ದಾಗ, ಅದನ್ನು ಪರೀಕ್ಷಿಸುತ್ತಿದ್ದ ಕೆಲವರ ಇಂಟೆಲ್ ನೆಟ್‌ವರ್ಕ್ ಸಾಧನಗಳ ಶಾಶ್ವತ ಸ್ಮೃತಿಯೇ ಕೆಟ್ಟಿತು. ಎಫ್‌ಟ್ರೇಸಿನ ಪಟ್ಟಿಯಲ್ಲಿದ್ದ ಕೆಲವು ಫಂಕ್ಷನ್‌ಗಳು ತಮ್ಮ ಕೆಲಸ ಮುಗಿಸಿ ತೆರವಾಗಿದ್ದವು. ಅವುಗಳ ವಿಳಾಸಗಳು ಆ ಸಾಧನದ ಪಾಲಾಗಿದ್ದವು. ಪಟ್ಟಿಯನ್ನು ನಂಬಿದ ಎಫ್‌ಟ್ರೇಸ್, ಹೋಲಿಸಿ ಸರಿಯಿದ್ದರೆ ಮಾತ್ರ ಬದಲಿಸುವ ಆಜ್ಞೆಯನ್ನೇ ಬಳಸಿತು. ಆದರೆ ಎಕ್ಸ್‌86ರಲ್ಲಿ ಆ ಆಜ್ಞೆಯು ಹೋಲಿಕೆ ತಪ್ಪಿದಾಗಲೂ ಅಲ್ಲಿದ್ದುದನ್ನೇ ಮರಳಿ ಬರೆಯುತ್ತದೆ. ಸಾಮಾನ್ಯ ಸ್ಮೃತಿಗೆ ಇದರಿಂದ ಬಾಧೆಯಿಲ್ಲ. ಸಾಧನಕ್ಕಾದರೋ ಬರೆಯುವುದೇ ಒಂದು ಆದೇಶ! 2.6.27.1ರಲ್ಲಿ ಈ ಸೌಲಭ್ಯವನ್ನು ತಡೆಹಿಡಿಯಬೇಕಾಯಿತು.

ಇಂದಿನ ಎಫ್‌ಟ್ರೇಸ್ ಮೊದಲು ಓದಿ, ನಿರೀಕ್ಷಿಸಿದ ಬೈಟುಗಳೇ ಅಲ್ಲಿವೆಯೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಬರೆಯುತ್ತದೆ. ಹೊಂದದಿದ್ದರೆ ಎಚ್ಚರಿಕೆಯನ್ನು ದಾಖಲಿಸಿ, ಯಂತ್ರವನ್ನು ಪುನಃ ಆರಂಭಿಸುವವರೆಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಒಂದು ಸ್ಥಳದ ದೋಷಕ್ಕಾಗಿ ಇಡೀ ಸಾಧನವನ್ನು ನಿಲ್ಲಿಸುವುದು ಅತಿಯಾಯಿತೆಂದು ಕೆಲವರು ಹೇಳಬಹುದು. ಜಾಡು ಅತ್ಯವಶ್ಯವಾದ ಗಳಿಗೆಯಲ್ಲಿಯೇ ಅದು ಕೈಬಿಡಬಹುದೆಂಬುದೂ ನಿಜ. ಆದರೂ ಇದೇ ಯುಕ್ತವೆಂದು ನಾವು ಭಾವಿಸುತ್ತೇವೆ. ಲೆಕ್ಕ ಒಂದೆಡೆ ಸುಳ್ಳಾದ ಮೇಲೆ ಬೇರೆಡೆ ನಿಜವೆನ್ನಲು ಆಧಾರವೇನು? ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವಿದ್ದರೆ ಮರಳಬೇಕು. ಇಲ್ಲದಿದ್ದರೆ ಕೈ ತೆಗೆಯಬೇಕು. ಎರಡರಲ್ಲಿಯೂ ಆದದ್ದನ್ನು ಮರೆಮಾಚಬಾರದು. ರೋಗವನ್ನು ಅರಿಯಲು ಬಂದ ಸಾಧನವೇ ರೋಗಿಗೆ ಅಪಾಯವಾಗಬಾರದಷ್ಟೆ.