ಮನೆವಾರ್ತೆ: ಹಿತ್ತಲ ಕೋಳಿಯೂ ನೆರೆಮನೆಯವರೂ

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ನಂಬಿ, ಊರವರ ಮೇಲೆ ಮುನಿದು, ಅದನ್ನು ಕಂಕುಳಲ್ಲಿಟ್ಟುಕೊಂಡು ಕಾಡು ಸೇರಿದ ಮುದುಕಿಯ ಕಥೆಯನ್ನು ನಮ್ಮ ವಾಚಕರು ಬಾಲ್ಯದಲ್ಲಿ ಕೇಳಿರುವರಷ್ಟೆ. ಹಿತ್ತಲಲ್ಲಿ ನಾಲ್ಕಾರು ಕೋಳಿಗಳನ್ನು ಹವ್ಯಾಸಕ್ಕಾಗಿ ಸಾಕುವ ಗೃಹಸ್ಥರು ಒಂದೆಡೆ ಕೂಡಿದರೆ ನಮಗೆ ಆ ಮುದುಕಿಯ ನೆನಪು ಬಾರದೆ ಇರದು. ನಾಟಿ ಕೋಳಿಯಲ್ಲದ್ದು ಕೋಳಿಯೇ ಅಲ್ಲವೆಂದು ಒಬ್ಬರು ಹೇಳಿದರೆ, ಗಿರಿರಾಜಕ್ಕೆ ಸಮನಾದುದಿಲ್ಲವೆಂದು ಮತ್ತೊಬ್ಬರು ಹೇಳುವರು. ಮೊಟ್ಟೆಯನ್ನು ತೊಳೆದಿಡಬೇಕೆಂಬುದು ಒಂದು ಮನೆಯ ಮತ. ತೊಳೆಯಲೇ ಕೂಡದೆಂಬುದು ಪಕ್ಕದ ಮನೆಯದು. ಹುಂಜವಿಲ್ಲದೆ ಹೇಂಟೆ ಮೊಟ್ಟೆಯಿಡುವುದೇ ಎಂದು ಕೇಳಿದ ಹೊಸಬರನ್ನು ಕಂಡು ಹಳಬರು ನಗುವರು. ನಗಲಿ, ಆದರೆ ಉತ್ತರವನ್ನೂ ಕೊಡಲಿ: ಇಡುವುದು, ಆ ಮೊಟ್ಟೆ ಮರಿಯಾಗದು, ಅಷ್ಟೆ.

ಈ ವಾದಗಳಲ್ಲಿ ಬಹುಪಾಲು ಇಬ್ಬರ ಕೈಯಲ್ಲಿಯೂ ಅರ್ಧರ್ಧ ಸತ್ಯವಿರುವಂಥವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜವು ನಾಟಿಗಿಂತ ಹೆಚ್ಚು ಮೊಟ್ಟೆಯಿಡುವುದು ನಿಜ. ಅದು ಕಾವಿಗೆ ಕೂರುವುದು ಅಪರೂಪವೆಂಬುದೂ ನಿಜ. ಆದುದರಿಂದಲೇ ತಿಳಿದವರು ಗಿರಿರಾಜದ ಮೊಟ್ಟೆಗಳನ್ನು ನೆರೆಮನೆಯ ನಾಟಿ ಹೇಂಟೆಯ ಕೆಳಗೆ ಇಡುವರು. 21 ದಿನಗಳಾದ ಮೇಲೆ ಮರಿಗಳು ಹೊರಬಂದಾಗ ಯಾರ ವಾದ ಗೆದ್ದಿತೆಂದು ಹೇಳೋಣ?

ಚಾರ್ಲ್ಸ್ ಡಾರ್ವಿನ್ ಮಹಾಶಯನು ಇಂಗ್ಲೆಂಡಿನ ಕೋಳಿ, ಪಾರಿವಾಳಗಳ ಹವ್ಯಾಸಿಗಳೊಡನೆ ವರ್ಷಗಟ್ಟಲೆ ಬಳಕೆಯಿಟ್ಟುಕೊಂಡಿದ್ದನು. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸೇರಿಯೂ ಇದ್ದನು. ಒಂದೊಂದು ತಳಿಯೂ ಬೇರೆ ಬೇರೆ ಮೂಲದಿಂದ ಬಂದುದೆಂದು ಆ ಹವ್ಯಾಸಿಗಳು ನಂಬಿದ್ದರು. ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯ ಸಂತತಿಯೆಂಬುದು ಡಾರ್ವಿನ್ನನ ಮತ. ಮತಭೇದವಿದ್ದರೂ ಅವರಿಂದ ಕಲಿಯುವುದನ್ನು ಆತನು ಬಿಡಲಿಲ್ಲ. 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮುಖ್ಯ ಮೂಲವು ಕೆಂಪು ಕಾಡುಕೋಳಿಯೇ ಆದರೂ, ಸಾಕುಕೋಳಿಗಳ ಹಳದಿ ಚರ್ಮದ ಗುಣವು ಬೂದು ಕಾಡುಕೋಳಿಯಿಂದ ಬಂದಿತೆಂದು ತೋರಿಸಿತು. ಈ ಬೂದು ಕೋಳಿ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುತ್ತಿರುವುದು. ಇನ್ನು ನಮ್ಮ ಹಿತ್ತಲಿನ ವಾದಗಳನ್ನು ಒಂದೇ ಸಂಜೆಯಲ್ಲಿ ಮುಗಿಸುವ ಆತುರವೇಕೆ?

ಆದರೆ ವಿನೋದದಿಂದ ಬಿಡಲಾಗದ ವಿಷಯವೊಂದುಂಟು. ಅದು ಕೊಕ್ಕರೆ ರೋಗ. ಕೋಳಿ ಬಾಯ್ದೆರೆದು ಉಸಿರಾಡುವುದು, ಹಸಿರು ಭೇದಿಯಾಗುವುದು, ಕತ್ತು ತಿರುಚಿಕೊಳ್ಳುವುದು. ಎರಡು ಮೂರು ದಿನಗಳಲ್ಲಿ ಗೂಡೇ ಬರಿದಾಗುವುದುಂಟು. ಇದನ್ನು ಗುಣಪಡಿಸುವ ಔಷಧವಿಲ್ಲ. ಬೆಳ್ಳುಳ್ಳಿ ಅರಿಸಿನಗಳನ್ನು ತಿನ್ನಿಸುವವರು ತಿನ್ನಿಸಲಿ, ನಮ್ಮ ಆಕ್ಷೇಪಣೆಯಿಲ್ಲ. ಅದರಿಂದಲೇ ರೋಗ ವಾಸಿಯಾಗುವುದೆಂದು ನೆರೆಯವರಿಗೆ ಬೋಧಿಸಿದರೆ ಮಾತ್ರ ಅಲ್ಲವೆಂದು ಮೆತ್ತಗೆ ಹೇಳುವುದು ತಿಳಿದವರ ಕರ್ತವ್ಯ.

ಹಾಗೆ ಮೆತ್ತಗೆ ಹೇಳುವುದಕ್ಕೆ ಕಾರಣವುಂಟು. ಮೊದಲ ಕೋಳಿ ಸತ್ತ ದಿನ "ಸಾಕಲು ಬಾರದವರು ಏಕೆ ಸಾಕಬೇಕು?" ಎಂಬ ಮೂದಲಿಕೆ ಕೇಳಿದವರು ಎರಡನೆಯ ಸಾವನ್ನು ಯಾರಿಗೂ ಹೇಳುವುದಿಲ್ಲ. ಸತ್ತುದನ್ನು ಕತ್ತಲಲ್ಲಿ ತಿಪ್ಪೆಗೆ ಎಸೆಯುವರು. ಮಂಕಾದುದನ್ನು ಸಂತೆಗೆ ಒಯ್ದು ಮಾರುವರು. ನಾಯಿಯ ಬಾಯಲ್ಲಿ, ಕೊಂಡವರ ಬುಟ್ಟಿಯಲ್ಲಿ, ನೋಡಬಂದವರ ಕಾಲಿನ ಧೂಳಿನಲ್ಲಿ ರೋಗವು ಬೀದಿಯನ್ನೆಲ್ಲ ಸುತ್ತುವುದು. ಮೂದಲಿಸಿದವರ ಗೂಡನ್ನೂ ಅದು ಬಿಡದು.

ಇನ್ನು ಲಸಿಕೆಯ ಮಾತು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗಾಗಲಿ ಮೂಗಿಗಾಗಲಿ ಒಂದು ತೊಟ್ಟು. ಎಂಟು ವಾರಗಳ ಸುಮಾರಿಗೆ ಚುಚ್ಚುಮದ್ದು. ಒಂದೊಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಕಾಗುವಷ್ಟು ಮದ್ದಿರುವುದು. ಒಮ್ಮೆ ಕಲಸಿದರೆ ಎರಡು ಗಂಟೆಗಳೊಳಗೆ ಮುಗಿಸಬೇಕು; ಉಳಿದುದು ನಾಳೆಗೆ ಬಾರದು. ಆರು ಕೋಳಿಗಳಿರುವ ಮನೆಯವರು ಏನು ಮಾಡಬೇಕು? ಬೀದಿಯ ಹದಿನೈದು ಮನೆಗಳು ಒಂದೇ ದಿನ ಕೂಡದೆ ಗತ್ಯಂತರವಿಲ್ಲ. ಮುದಿ ಹೇಂಟೆಯನ್ನು ಕಡೆಯವರೆಗೂ ಸಾಕುವವರು, ಅದನ್ನೇ ಸಾರಿಗೆ ಹಾಕುವವರು, ಮೊಟ್ಟೆಯನ್ನೂ ಮುಟ್ಟದೆ ಅಂದಕ್ಕಾಗಿ ಸಾಕುವವರು, ಎಲ್ಲರೂ ಆ ಹದಿನೈದರಲ್ಲಿ ಇರುವರು. ಒಬ್ಬರ ಆಚಾರವನ್ನು ಇನ್ನೊಬ್ಬರು ಹೀಗಳೆದ ಬೀದಿಯಲ್ಲಿ ಈ ಸೀಸೆ ತೆರೆಯುವುದೇ ಇಲ್ಲ.

ಕೂಡಲು ಒಪ್ಪಿದವರಿಗೆ ಕೆಲವು ಸೂಚನೆಗಳು. ಪಶುವೈದ್ಯಶಾಲೆಯಿಂದ ಸೀಸೆಯನ್ನು ಮಂಜುಗಡ್ಡೆಯ ನಡುವೆ ಇಟ್ಟು ತರತಕ್ಕದ್ದು. ಮನೆಯಿಂದ ಮನೆಗೆ ಹೋಗುವಾಗ ಕೈಕಾಲುಗಳನ್ನು ಸಾಬೂನಿನಿಂದ ತೊಳೆಯಬೇಕು. ಕಾಯಿಲೆಯ ಕೋಳಿಯಿರುವ ಮನೆಗೆ ಆ ದಿನ ಹೋಗಲಾಗದು, ವೈದ್ಯರಿಗೆ ತಿಳಿಸಬೇಕು. ಕೆಲಸವನ್ನು ನಸುಕಿನಲ್ಲಿ, ಗೂಡಿನ ಬಾಗಿಲು ತೆರೆಯುವ ಮೊದಲೇ ಆರಂಭಿಸುವುದು ಲೇಸು. ಬೆಳಕು ಹರಿದ ಮೇಲೆ ನಾಟಿ ಕೋಳಿಯನ್ನು ಹಿಡಿಯಹೊರಟವರ ಪಾಡನ್ನು ವಾಚಕರೇ ಬಲ್ಲರು.