ಬೋರ್ಡಿಗೆ ಕನ್ನಡ ಬಂತು, ತಲೆಗೆ ಯಾವಾಗ ಬರುತ್ತೆ ಸ್ವಾಮಿ?

ಕನ್ನಡದ ಹುಡುಗರೇ, ಹುಡುಗಿಯರೇ,

2023ರ ಡಿಸೆಂಬರ್ 27 ನಿಮಗೆ ನೆನಪಿದೆಯಲ್ಲ? ವಿಮಾನ ನಿಲ್ದಾಣದ ದಾರಿಯಲ್ಲಿ, ಸಾದಹಳ್ಳಿ ಟೋಲ್ ಗೇಟಿನ ಹತ್ತಿರ ಕನ್ನಡದ ಬಾವುಟ ಹಿಡಿದು ಸಾವಿರಾರು ಜನ ಸೇರಿದ್ದರು. ಅಂಗಡಿ, ಹೋಟೆಲು, ಮಾಲು, ಯಾವುದೇ ಇರಲಿ, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಎಂಬುದು ಬೇಡಿಕೆ. ಕೆಲವು ಬೋರ್ಡು ಒಡೆದವು, ಬಂಧನಗಳಾದವು, ಟಿ.ವಿ.ಯವರು ಎರಡು ದಿನ ಚರ್ಚೆ ಮಾಡಿದರು. ಕೊನೆಗೆ 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಬೋರ್ಡಿನ ಮೇಲಿನ ಅರ್ಧದಲ್ಲಿ ಕನ್ನಡ ಇರಬೇಕು ಎಂದು ಬರೆದಾಯಿತು. ಒಳ್ಳೆಯದೇ ಆಯಿತು.

ಈಗ ನನ್ನದೊಂದು ಪ್ರಶ್ನೆ. ಆ ಬೋರ್ಡನ್ನು ದಿನಕ್ಕೆ ಎಷ್ಟು ಜನ ನೋಡುತ್ತಾರೆ? ರಸ್ತೆಯಲ್ಲಿ ಹೋಗುವವರು, ಅಷ್ಟೇ. ಇವತ್ತು ಅಂಗಡಿ ಹುಡುಕುವವನು ರಸ್ತೆಯಲ್ಲಿ ತಲೆ ಎತ್ತಿ ನೋಡುವುದಿಲ್ಲ, ಕೈಯಲ್ಲಿರುವ ಮೊಬೈಲ್ ನೋಡುತ್ತಾನೆ. ಮೊಬೈಲಿನ ಒಳಗೆ ಆ ಅಂಗಡಿಯ ಇನ್ನೊಂದು ಬೋರ್ಡು ಇದೆ. ಅದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಕನ್ನಡ ಶೇಕಡಾ ಎಷ್ಟಿದೆ ಎಂದು ಯಾರಾದರೂ ಕೇಳಿದ್ದೀರಾ?

ಕೇಳಿಲ್ಲ. ಅದಕ್ಕೇ ಈ ಸಂಪಾದಕೀಯ.

ಜಾಲತಾಣದ ಪ್ರತಿ ಪುಟಕ್ಕೂ ಎರಡು ಭಾಗ ಇರುತ್ತವೆ. ಒಂದು ಹೆಡ್, ಅಂದರೆ ತಲೆ. ಇನ್ನೊಂದು ಬಾಡಿ, ಅಂದರೆ ಮೈ. ಮೈಯಲ್ಲಿ ಇರುವುದೆಲ್ಲ ನಮಗೆ ಕಾಣುತ್ತದೆ. ತಲೆಯೊಳಗೆ ಏನಿದೆ ಎಂಬುದು ಯಂತ್ರಕ್ಕೆ ಮಾತ್ರ ಗೊತ್ತು. ಆ ತಲೆಯೊಳಗೆ ಕೂರುವ ಪುಟ್ಟ ಪುಟ್ಟ ಸಾಲುಗಳಿಗೆ ಮೆಟಾ ಟ್ಯಾಗ್ ಎನ್ನುತ್ತಾರೆ. ಈ ಪುಟ ಯಾವ ಲಿಪಿ ಸಂಕೇತದಲ್ಲಿದೆ, ಯಾವುದರ ಬಗ್ಗೆ ಇದೆ, ಹುಡುಕುವ ಯಂತ್ರ ಇದನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ, ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದರೆ ಯಾವ ಹೆಸರು, ಯಾವ ಚಿತ್ರ ಕಾಣಬೇಕು, ಇವನ್ನೆಲ್ಲ ಹೇಳುವುದು ಆ ಸಾಲುಗಳು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಮೈಕಿನಲ್ಲಿ ಏನು ಕೂಗುತ್ತಾರೆ? ಮಗುವಿನ ಹೆಸರು, ಅಪ್ಪನ ಹೆಸರು, ಊರು. ಮಗು ಎಷ್ಟೇ ಮುದ್ದಾಗಿರಲಿ, ಈ ಮೂರು ಗೊತ್ತಿಲ್ಲದಿದ್ದರೆ ಮನೆ ಸೇರುವುದು ಕಷ್ಟ. ಮೆಟಾ ಟ್ಯಾಗ್ ಎಂದರೆ ಇಷ್ಟೇ. ಕೋಟಿಗಟ್ಟಲೆ ಪುಟಗಳ ಜಾತ್ರೆಯಲ್ಲಿ ನಿಮ್ಮ ಪುಟ ಯಾರದು ಎಂದು ಹೇಳುವ ಚೀಟಿ.

ಪ್ರೆಸ್ಸಿನವನಿಗೆ ಈ ಉಸಾಬರಿ ಯಾಕೆ ಎನ್ನಬೇಡಿ. ಈ ಚೀಟಿಯ ಬೆಲೆ ಮೊದಲು ಗೊತ್ತಿರುವುದೇ ನಮಗೆ. 1867ರಲ್ಲಿ ಬ್ರಿಟಿಷರು ತಂದ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕನ ಹೆಸರು, ಮುದ್ರಣವಾದ ಊರು ಇರಲೇಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಾಗಿದೆ. ಚುನಾವಣೆಯ ಕರಪತ್ರಕ್ಕಂತೂ ಇವತ್ತಿಗೂ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಹಾಕದಿದ್ದರೆ ಕೇಸು. ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದ ಆ ಒಂದು ಸಾಲನ್ನು ಓದುಗ ಓದುವುದಿಲ್ಲ. ಆದರೆ ಆ ಸಾಲೇ ಆ ಹಾಳೆಗೆ ತಂದೆ ತಾಯಿ. ಜಾಲದ ಪುಟಕ್ಕೆ ಇಂಥ ಸಾಲು ಬರೆಯಿರಿ ಎಂದು ಹೇಳುವ ಪೊಲೀಸು ಇಲ್ಲ. ಹಾಗಾಗಿ ನಾವು ಬರೆಯುವುದೂ ಇಲ್ಲ.

ಇನ್ನು ಈ ತಲೆಯೊಳಗೆ ಇಳಿದು ನೋಡೋಣ ಬನ್ನಿ.

ಮೊದಲನೆಯದು ಲಿಪಿ ಸಂಕೇತ. ಇಂಗ್ಲಿಷಿನಲ್ಲಿ ಕ್ಯಾರ್‌ಸೆಟ್ ಎನ್ನುತ್ತಾರೆ. ಅದರ ಎದುರು ಯು.ಟಿ.ಎಫ್-8 ಎಂದು ಇರಬೇಕು. ಈ ಸಾಲು ಪುಟದ ಮೊದಲ 1024 ಬೈಟುಗಳೊಳಗೆ ಬರಬೇಕು ಎಂಬುದು ನಿಯಮ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಈ ಪದ್ಧತಿಯಲ್ಲಿ ಒಂದು ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಿನ ಗುರುತೂ ಸೇರಿ 5 ಸಂಕೇತ, ಒಟ್ಟು 15 ಬೈಟು. ಸಂಕೇತ ಯಾವುದೆಂದು ಹೇಳದೆ ಬಿಟ್ಟರೆ ಬ್ರೌಸರು ಊಹೆ ಮಾಡುತ್ತದೆ. ಊಹೆ ತಪ್ಪಿದರೆ ನಿಮ್ಮ ಕನ್ನಡ ಇರುವೆ ಸತ್ತು ಬಿದ್ದಂತೆ ಕಾಣುತ್ತದೆ. ಇಂಗ್ಲಿಷಿಗೆ ಈ ಸಾಲು ಇಲ್ಲದಿದ್ದರೂ ನಡೆದುಹೋಗುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ. ನೆನಪಿಡಿ.

ಇದಕ್ಕಿಂತ ದೊಡ್ಡ ರೋಗ ಇನ್ನೊಂದಿದೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೆ ನಾವು ಡಿ.ಟಿ.ಪಿ.ಯವರು ಬಹಳ ವರ್ಷ ಹಳೆಯ ಫಾಂಟುಗಳಲ್ಲೇ ಬಾಳಿದೆವು. ಅವುಗಳಿಗೆ ನಾವು ಋಣಿಗಳು. ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು 1998ರಲ್ಲಿ ತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಹೊಡೆದರೆ ಒಳಗೆ ಕೂರುವುದು ಏನು ಗೊತ್ತಾ? ಇಂಗ್ಲಿಷಿನ ಪಿ, ಕ್ಯೂ ಅಕ್ಷರಗಳು, ತಲೆಯ ಮೇಲೆ ಗೆರೆ ಹೊತ್ತ ಎ, ಜರ್ಮನ್ನರದೊಂದು ಅಕ್ಷರ, ನಡುವೆ ಬ್ರಿಟಿಷರ ಪೌಂಡಿನ ಗುರುತು! ನಮ್ಮ ತಾಯಿಯ ಹೆಸರಿನೊಳಗೆ ಪೌಂಡು. ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ, ಕಸ. ರಾಜ್ಯ ಸರ್ಕಾರ 2012ರಲ್ಲೇ ಯೂನಿಕೋಡ್ ಬಳಸಿ ಎಂದು ಆದೇಶ ಮಾಡಿತು. ಆದರೂ ಹಳೆಯ ಫಾಂಟಿನಲ್ಲಿ ಹೊಡೆದು, ಪ್ರಿಂಟು ತೆಗೆದು, ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸುವ ಚಟ ಹೋಗಿಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಚಿತ್ರ. ಅಂಥ ಪುಟದ ತಲೆಗೆ ಎಷ್ಟು ಮೆಟಾ ಟ್ಯಾಗ್ ಕಟ್ಟಿದರೂ ಹೆಣಕ್ಕೆ ಪೇಟ ಕಟ್ಟಿದಂತೆ.

ಎರಡನೆಯದು ಭಾಷೆಯ ಗುರುತು. ಇದು ಮೆಟಾ ಟ್ಯಾಗ್ ಅಲ್ಲ, ಅದರ ನೆರೆಮನೆಯದು. ಪುಟದ ಮೊದಲ ಸಾಲಿನಲ್ಲೇ ಲ್ಯಾಂಗ್ ಎಂದು ಬರೆದು ಭಾಷೆಯ ಸಂಕೇತ ಕೊಡಬೇಕು. ಕನ್ನಡದ ಸಂಕೇತ ಕೆ-ಎನ್. ಇಂಗ್ಲಿಷಿನದು ಇ-ಎನ್. ಪುಟ ಕಟ್ಟುವ ಸಾಫ್ಟ್‌ವೇರುಗಳು ತಾವಾಗಿ ಇ-ಎನ್ ಹಾಕಿಕೊಡುತ್ತವೆ. ನಮ್ಮ ಹುಡುಗರು ಅದನ್ನು ಹಾಗೇ ಬಿಡುತ್ತಾರೆ. ಮೈಯೆಲ್ಲ ಕನ್ನಡ, ತಲೆಯಲ್ಲಿ ಮಾತ್ರ ‘ನಾನು ಇಂಗ್ಲಿಷು’ ಎಂಬ ಘೋಷಣೆ! ಕನ್ನಡ ಬಾವುಟದ ಚಿತ್ರ ಹಾಕಿದ ಪುಟಗಳಲ್ಲೂ ಇದನ್ನು ಕಾಣಬಹುದು.

ಏನಾಯ್ತೀಗ ಎನ್ನುತ್ತೀರಾ? ಗೂಗಲ್ ಈ ಗುರುತನ್ನು ನೋಡುವುದಿಲ್ಲ, ಪುಟದಲ್ಲಿ ಕಾಣುವ ಅಕ್ಷರ ನೋಡಿಯೇ ಭಾಷೆ ತಿಳಿಯುತ್ತದೆ. ಅದು ನಿಜ. ಆದರೆ ಕಣ್ಣು ಕಾಣದ ಕನ್ನಡಿಗರಿದ್ದಾರಲ್ಲ, ಅವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಓದಿ ಹೇಳುವ ಸಾಫ್ಟ್‌ವೇರು ಯಾವ ಭಾಷೆಯ ಧ್ವನಿ ಹಚ್ಚಬೇಕು ಎಂದು ಈ ಗುರುತನ್ನೇ ನೋಡುತ್ತದೆ. ಇ-ಎನ್ ಎಂದಿದ್ದರೆ ನಮ್ಮ ಕನ್ನಡವನ್ನು ಇಂಗ್ಲಿಷ್ ಧ್ವನಿಯ ಬಾಯಿಗೆ ತುರುಕಿದಂತೆ. ಅದು ತೊದಲುತ್ತದೆ, ಇಲ್ಲವೇ ಅಕ್ಷರಗಳನ್ನೇ ನುಂಗುತ್ತದೆ. ಎರಡಕ್ಷರ ಬದಲಿಸದ ಸೋಮಾರಿತನಕ್ಕೆ ಒಬ್ಬ ಅಂಧ ವಿದ್ಯಾರ್ಥಿ ಕನ್ನಡದಿಂದಲೇ ಹೊರಗೆ ಬೀಳುತ್ತಾನೆ. ಇದು ಭಾಷಾ ದ್ರೋಹ ಅಲ್ಲವೇ? ಜಾಲತಾಣಗಳ ಅಂತರರಾಷ್ಟ್ರೀಯ ಸುಗಮತೆ ನಿಯಮಗಳಲ್ಲಿ ಪುಟದ ಭಾಷೆಯನ್ನು ಯಂತ್ರಕ್ಕೆ ತಿಳಿಸುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಅಂದರೆ ಇಷ್ಟಾದರೂ ಮಾಡಿ ಎಂಬ ಷರತ್ತು. ನಾವು ಆ ಮೆಟ್ಟಿಲನ್ನೂ ಹತ್ತಿಲ್ಲ.

ಮೂರನೆಯದು ಶೀರ್ಷಿಕೆ ಮತ್ತು ವಿವರಣೆ. ಟೈಟಲ್, ಡಿಸ್ಕ್ರಿಪ್ಷನ್ ಎನ್ನುತ್ತಾರೆ. ಗೂಗಲಿನಲ್ಲಿ ಹುಡುಕಿದಾಗ ನೀಲಿ ಅಕ್ಷರದ ಸಾಲು, ಅದರ ಕೆಳಗೆ ಎರಡು ಸಾಲಿನ ಒಕ್ಕಣೆ ಬರುತ್ತದಲ್ಲ, ಸಾಮಾನ್ಯವಾಗಿ ಅವು ಇಲ್ಲಿಂದ ಬರುತ್ತವೆ. ವಿವರಣೆ ಚೆನ್ನಾಗಿದ್ದರೆ ಪುಟ ಮೇಲಕ್ಕೇರುತ್ತದೆ ಎಂದೇನಿಲ್ಲ. ಆದರೆ ಓದಿದವನು ಒತ್ತುತ್ತಾನೋ ಮುಂದೆ ಹೋಗುತ್ತಾನೋ ಎಂಬುದು ಆ ಎರಡು ಸಾಲಿನ ಮೇಲೆ ನಿಂತಿದೆ. ಬರೆಯದೆ ಬಿಟ್ಟರೆ ಯಂತ್ರವೇ ಪುಟದಿಂದ ಎಲ್ಲೋ ಒಂದು ತುಣುಕು ಕಿತ್ತು ಹಾಕುತ್ತದೆ.

ದೇವನಹಳ್ಳಿಯ ಚಕ್ಕೋತಕ್ಕೆ ಜಿ.ಐ. ಟ್ಯಾಗ್ ಸಿಕ್ಕಿದೆ. ಹಣ್ಣಿಗೆ ಟ್ಯಾಗ್ ಇದೆ, ಬೆಳೆದವನ ಪುಟಕ್ಕೆ ಟ್ಯಾಗ್ ಇಲ್ಲ! ದೊಡ್ಡಬಳ್ಳಾಪುರದ ಮಗ್ಗದ ಸೀರೆ ಊರೂರಿಗೆ ಹೋಗುತ್ತದೆ. ನೇಕಾರನ ಮಗ ಒಂದು ಪುಟ ಮಾಡಿಸಿದ ಎನ್ನಿ. ಶೀರ್ಷಿಕೆಯ ಜಾಗದಲ್ಲಿ ‘ಹೋಮ್’ ಎಂದಿದ್ದರೆ ಯಾರಿಗೆ ಏನು ಗೊತ್ತಾಗಬೇಕು? ‘ದೊಡ್ಡಬಳ್ಳಾಪುರ ಮಗ್ಗದ ಸೀರೆ, ನೇಕಾರರಿಂದ ನೇರ ಮಾರಾಟ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ನಮ್ಮ ಊರಿಗೆ ಒಬ್ಬೊಬ್ಬ ಒಂದೊಂದು ಸ್ಪೆಲ್ಲಿಂಗು ಬರೆಯುತ್ತಾನೆ. ದೊಡ್‌ಬಳ್ಳಾಪುರ್, ದೊಡ್ಡಬಲ್ಲಾಪುರ್, ಹೊಸ್ಕೋಟೆ, ಹೊಸಕೋಟ್. ಕನ್ನಡದಲ್ಲಿ ಒಂದೇ ರೂಪ: ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ. ಕನ್ನಡದಲ್ಲಿ ಬರೆಯುವುದು ಅಭಿಮಾನ ಮಾತ್ರವಲ್ಲ, ಲೆಕ್ಕಾಚಾರವೂ ಹೌದು.

2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಯಲು ಬಿಲ್ಲು ಬರೆಯುವವರು ಬೇಕಾದಷ್ಟು ಜನ. ಸಾವಿರಾರು ಪುಟಗಳ ತಲೆಯೊಳಗಿನ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಕೂರಿಸುವವರು ಯಾರು? ನೀವೇ ಎಚ್ಚರಿಸಬೇಕು.

ಇಲ್ಲೊಂದು ಮೋಸವೂ ಇದೆ, ಹುಷಾರು. ‘ಕೀವರ್ಡ್ ಹಾಕಿಕೊಡುತ್ತೇವೆ, ಗೂಗಲಿನಲ್ಲಿ ಮೊದಲು ಬರುತ್ತೀರಿ, ಇಷ್ಟು ಸಾವಿರ ಕೊಡಿ’ ಎಂದು ಬರುವವರಿದ್ದಾರೆ. 1990ರ ದಶಕದಲ್ಲಿ ಹುಡುಕುವ ಯಂತ್ರಗಳು ಕೀವರ್ಡ್ ಟ್ಯಾಗನ್ನು ನಂಬುತ್ತಿದ್ದವು. ಜನ ಅದರೊಳಗೆ ಸಂಬಂಧವಿಲ್ಲದ್ದನ್ನೆಲ್ಲ ತುಂಬಿ ಕೆಡಿಸಿದರು. ಹುಡುಕಾಟದ ಶ್ರೇಣಿಗೆ ನಾವು ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಅದಕ್ಕೆ ದುಡ್ಡು ಕೊಟ್ಟರೆ ನೀರಿಗೆ ಹಾಕಿದಂತೆ. ಇದಕ್ಕಿಂತ ಅಪಾಯದ ಟ್ಯಾಗ್ ಇನ್ನೊಂದು: ನೋ-ಇಂಡೆಕ್ಸ್. ಪುಟ ಕಟ್ಟುವಾಗ ಯಾರೂ ನೋಡದಿರಲಿ ಎಂದು ಇದನ್ನು ಹಾಕಿರುತ್ತಾರೆ. ತೆಗೆಯಲು ಮರೆತರೆ ಹುಡುಕಾಟದ ಪಟ್ಟಿಯಲ್ಲಿ ನಿಮ್ಮ ಪುಟ ಇಲ್ಲವೇ ಇಲ್ಲ. ಅಂಗಡಿ ತೆರೆದು ಷಟರು ಎಳೆದು ಕೂತಂತೆ.

ಇದೆಲ್ಲ ಸಣ್ಣ ವಿಷಯ, ಇಂಜಿನಿಯರುಗಳ ಕೆಲಸ ಎನ್ನುವವರಿಗೆ 2021ರ ಜೂನ್ ನೆನಪು ಮಾಡುತ್ತೇನೆ. ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ‘ಕನ್ನಡ’ ಎಂದು ಉತ್ತರ ತೋರಿಸಿತು. ನಾಡೇ ಸಿಡಿದೆದ್ದಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಜೂನ್ 3ರಂದು ಗೂಗಲ್ ಕ್ಷಮೆ ಕೇಳಿತು, ಉತ್ತರ ಕಿತ್ತುಹಾಕಿತು. ಸಿಟ್ಟು ಸರಿ. ಕ್ಷಮೆ ಕೇಳಿಸಿದ್ದೂ ಸರಿ. ಆದರೆ ಆಮೇಲೆ ಏನು ಮಾಡಿದೆವು? ಆ ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಯಾವನೋ ಎಲ್ಲೋ ಬರೆದು ಬಿಟ್ಟ ಒಂದು ಪುಟವನ್ನು ಎತ್ತಿ ತಂದು ಉತ್ತರ ಎಂದು ಇಟ್ಟಿತು. ನಮ್ಮ ಬಗ್ಗೆ ನಾವು ಬರೆಯದಿದ್ದರೆ, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಇಡದಿದ್ದರೆ, ನಮ್ಮ ಬಗ್ಗೆ ಬೇರೆಯವರು ಬರೆದದ್ದೇ ವೇದವಾಗುತ್ತದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದವರು 4 ಕೋಟಿ 37 ಲಕ್ಷ ಜನ. 2008ರಲ್ಲಿ ಶಾಸ್ತ್ರೀಯ ಸ್ಥಾನವೂ ಬಂತು. ಇಷ್ಟು ಜನ, ಇಂಥ ಭಾಷೆ, ತನ್ನ ಹೆಸರು ತಾನು ಬರೆದುಕೊಳ್ಳಲಾಗದೆ ಕೂತರೆ ಯಾರನ್ನು ಬಯ್ಯೋಣ?

1982ರ ಗೋಕಾಕ್ ಚಳವಳಿಯಲ್ಲಿ ನಿಮ್ಮ ಅಪ್ಪಂದಿರು ಬೀದಿಗಿಳಿದರು. ಡಾ. ರಾಜ್‌ಕುಮಾರ್ ಊರೂರು ಸುತ್ತಿದರು. ಆಗ ಜಗಳ ಶಾಲೆಯ ಪಟ್ಟಿಯಲ್ಲಿ ಕನ್ನಡಕ್ಕೆ ಮೊದಲ ಜಾಗ ಕೊಡಿಸುವುದಕ್ಕೆ. ನಿಮ್ಮ ಕಾಲದ ಪಟ್ಟಿ ಮೊಬೈಲಿನಲ್ಲಿದೆ. ಇಲ್ಲಿ ಕಲ್ಲು ಬೇಡ, ಟೈರು ಸುಡುವುದು ಬೇಡ, ಲಾಠಿ ಏಟೂ ಇಲ್ಲ.

ಮಾಡಬೇಕಾದ್ದು ಇಷ್ಟು. ಕಂಪ್ಯೂಟರಿನಲ್ಲಿ ನಿಮ್ಮ ಕಾಲೇಜಿನ, ಸಂಘದ, ಪಂಚಾಯ್ತಿಯ, ಅಂಗಡಿಯ ಪುಟ ತೆರೆಯಿರಿ. ಕಂಟ್ರೋಲ್ ಮತ್ತು ಯು ಗುಂಡಿ ಒಟ್ಟಿಗೆ ಒತ್ತಿ. ಪುಟದ ತಲೆ ಬಿಚ್ಚಿಕೊಳ್ಳುತ್ತದೆ. ಲಿಪಿ ಸಂಕೇತ ಯು.ಟಿ.ಎಫ್-8 ಇದೆಯೇ? ಭಾಷೆ ಕೆ-ಎನ್ ಎಂದಿದೆಯೇ? ಶೀರ್ಷಿಕೆ, ವಿವರಣೆ ಕನ್ನಡದಲ್ಲಿವೆಯೇ? ನೋ-ಇಂಡೆಕ್ಸ್ ಉಳಿದುಕೊಂಡಿದೆಯೇ? ತಪ್ಪು ಕಂಡರೆ ಫೋಟೋ ತೆಗೆದು, ತಪ್ಪು ಯಾವುದು, ಸರಿ ಯಾವುದು ಎಂದು ಎರಡು ಸಾಲು ಬರೆದು ಆ ಪುಟದವರಿಗೆ ಮರ್ಯಾದೆಯಿಂದ ಕಳಿಸಿ. ಸ್ಪಂದಿಸದಿದ್ದರೆ ಮತ್ತೆ ಕಳಿಸಿ. ಸರ್ಕಾರದ್ದಾದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಸರ್ಕಾರಕ್ಕೆ ನಮ್ಮ ಬೇಡಿಕೆಯೂ ಒಂದೇ. ಸರ್ಕಾರದ ದುಡ್ಡಿನಲ್ಲಿ ಕಟ್ಟುವ ಪ್ರತಿ ಜಾಲತಾಣದ ಟೆಂಡರಿನಲ್ಲಿ ಈ ನಾಲ್ಕು ಸಾಲು ಷರತ್ತಾಗಿ ಸೇರಲಿ. ಕನ್ನಡದ ತಲೆ ಇಲ್ಲದ ಪುಟಕ್ಕೆ ಬಿಲ್ಲು ಪಾಸಾಗದಿರಲಿ. ಇದಕ್ಕೆ ಹೊಸ ಇಲಾಖೆ, ಹೊಸ ಅಧ್ಯಕ್ಷ, ಹೊಸ ಕಾರು ಯಾವುದೂ ಬೇಡ.

ಬೋರ್ಡು ಬದಲಿಸಲು ಕಾನೂನು ಬೇಕಾಯಿತು. ತಲೆ ಬದಲಿಸಲು ನೀವು ಸಾಕು.

ಜೈ ಕರ್ನಾಟಕ!